ಮಾರುವವನ ಕೈಯಲ್ಲಿ ಇರುವುದೇನು?

ಮಧ್ಯಮ ವರ್ಗದ ಸಂಸಾರವೊಂದು ಮನೆ ಕೊಳ್ಳಲು ಹೊರಟಾಗ ನೋಡದೆ ಬಿಡುವ ಸಂಗತಿ ಬಹು ಕಡಮೆ. ಬಾಗಿಲು ಯಾವ ದಿಕ್ಕಿಗಿದೆ, ನಲ್ಲಿಯಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ, ಅಡುಗೆಮನೆಯಲ್ಲಿ ಗಾಳಿ ಆಡುತ್ತದೆಯೆ, ಮಕ್ಕಳ ಶಾಲೆ ಎಷ್ಟು ದೂರ, ನೆರೆಯವರು ಎಂಥವರು ಎಂಬುದೆಲ್ಲ ವಿಚಾರಕ್ಕೆ ಬರುತ್ತದೆ. ಅಜ್ಜಿ ಈಶಾನ್ಯದ ಮೂಲೆಯನ್ನು ಪರೀಕ್ಷಿಸುತ್ತಾರೆ. ಗೃಹಿಣಿ ಬಟ್ಟೆ ಒಣಹಾಕುವ ಸ್ಥಳವನ್ನು ಅರಸುತ್ತಾಳೆ. ಯಜಮಾನರು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಇಷ್ಟೆಲ್ಲ ಆದ ಮೇಲೆ, ೩೦ ವರ್ಷಗಳ ಉಳಿತಾಯವನ್ನೂ ಮುಂದಿನ ೨೦ ವರ್ಷಗಳ ಸಂಬಳವನ್ನೂ ಒಟ್ಟಿಗೆ ಕೊಂಡೊಯ್ಯುವ ಕಾಗದಗಳನ್ನು ಮಾತ್ರ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕುಳಿತು ಅರ್ಧ ಗಂಟೆಯಲ್ಲಿ ಓದಿ ಮುಗಿಸುತ್ತಾರೆ. ಎಷ್ಟೋ ಸಲ ಅಷ್ಟನ್ನೂ ಓದುವುದಿಲ್ಲ. ತೋರಿಸಿದ ಕಡೆ ಹೆಬ್ಬೆರಳನ್ನೊತ್ತಿ, ಸಿಹಿ ಹಂಚಿ ಹಿಂದಿರುಗುತ್ತಾರೆ.

ಗೋಡೆ ಇದ್ದಲ್ಲಿಯೇ ಇರುತ್ತದೆ. ಕೈಯಿಂದ ಕೈಗೆ ದಾಟುವುದು ಹಕ್ಕು ಮಾತ್ರ. ಮಾರುವವನಿಗೆ ಎಷ್ಟು ಹಕ್ಕಿದೆಯೋ ಕೊಳ್ಳುವವನಿಗೆ ಅಷ್ಟೇ ಸಲ್ಲುತ್ತದೆ; ಎಷ್ಟು ಹಣ ತೆತ್ತರೂ ಅದಕ್ಕಿಂತ ಗುಲಗಂಜಿಯಷ್ಟೂ ಹೆಚ್ಚು ಬಾರದು. ಆದಕಾರಣ ‘ಬೆಲೆ ಎಷ್ಟು?’ ಎಂದು ಕೇಳುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಈ ಮನೆಯ ಮಟ್ಟಿಗೆ ಮಾರುವವನ ಕೈಯಲ್ಲಿ ಇರುವುದೇನು? ಪೂರ್ಣ ಸ್ವಾಮ್ಯವೆ, ಕೆಲವು ವರ್ಷಗಳ ಭೋಗವೆ, ಅಥವಾ ಬರಿಯ ಬೀಗದ ಕೈಯೆ?

ಈ ವಿವೇಚನೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ವಿಜಯನಗರದ ಕಾಲದ ದಾನಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳನ್ನು ಎಣಿಸಿ, ಅವುಗಳ ತೇಜಸ್ವಾಮ್ಯವನ್ನು ಕೊಟ್ಟುದಾಗಿ ಹೇಳುವುದು ವಾಡಿಕೆ. ಪಡೆದವನು ಅದನ್ನು ದಾನ, ಆಧಿ, ಕ್ರಯ, ವಿನಿಮಯಗಳಿಗೆ ಸಲ್ಲಿಸಬಹುದು, ಪುತ್ರಪೌತ್ರ ಪಾರಂಪರ್ಯವಾಗಿ ಆಚಂದ್ರಾರ್ಕ ಅನುಭವಿಸಬಹುದು ಎಂಬ ಮಾತೂ ಅಲ್ಲಿ ಬರುತ್ತದೆ. ಇಂದಿನ ಕ್ರಯಪತ್ರಗಳಲ್ಲಿಯೂ ಈ ಪದಸರಣಿಯ ತುಣುಕುಗಳು ಉಳಿದುಕೊಂಡಿವೆ. ಪತ್ರಬರಹಗಾರರು ಅಭ್ಯಾಸಬಲದಿಂದ ಅದನ್ನು ಬರೆಯುತ್ತಾರೆ. ಬರೆಸಿಕೊಳ್ಳುವವರು ಮಂತ್ರವೆಂದು ಭಾವಿಸಿ ಸುಮ್ಮನಾಗುತ್ತಾರೆ. ಆದರೆ ಅದರಲ್ಲಿ ಒಂದು ಒರೆಗಲ್ಲು ಅಡಗಿದೆ. ದಾನ ಮಾಡುವುದು, ಒತ್ತೆ ಇಡುವುದು, ಮಾರುವುದು, ಬದಲಾಯಿಸಿಕೊಳ್ಳುವುದು ಎಂಬ ಈ ನಾಲ್ಕನ್ನೂ ಇನ್ನೊಬ್ಬರ ಅಪ್ಪಣೆ ಇಲ್ಲದೆ ಮಾಡಬಲ್ಲವನಿಗೆ ಸ್ವಾಮ್ಯವಿದೆ. ಒಂದಕ್ಕಾದರೂ ಬೇರೆಯವರ ಅಪ್ಪಣೆ ಬೇಕಾದರೆ, ಆ ಬೇರೆಯವರು ಯಾರು, ಏಕೆ ಎಂಬುದನ್ನು ತಿಳಿಯದೆ ಮುಂಗಡ ಕೊಡತಕ್ಕದ್ದಲ್ಲ.

ಕಾಯಿದೆಯ ಮಾತು ಹೀಗಿದೆ. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೪ನೆಯ ಕಲಮಿನಂತೆ ೧೦೦ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯವು ನೋಂದಣಿಯಾದ ಪತ್ರದ ಮೂಲಕವೇ ಆಗಬೇಕು. ಕ್ರಯದ ಕರಾರು ತನ್ನಷ್ಟಕ್ಕೆ ತಾನೇ ಆ ಆಸ್ತಿಯಲ್ಲಿ ಯಾವ ಹಕ್ಕನ್ನೂ ಉಂಟುಮಾಡುವುದಿಲ್ಲ ಎಂದು ಅದೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಕರಾರೆಂದರೆ ‘ಮುಂದೆ ಮಾರುತ್ತೇನೆ’ ಎಂಬ ವಚನ. ಕ್ರಯಪತ್ರವೆಂದರೆ ‘ಮಾರಿದ್ದೇನೆ’ ಎಂಬ ಕಾರ್ಯ. ವಚನ ತಪ್ಪಿದವನ ಮೇಲೆ ದಾವೆ ಹೂಡಬಹುದು. ಅದಕ್ಕೂ ೧೯೬೩ರ ಕಾಲಮಿತಿ ಕಾಯಿದೆ ೩ ವರ್ಷಗಳ ಗಡುವನ್ನಿಟ್ಟಿದೆ. ಕರಾರಿನಲ್ಲಿ ಗೊತ್ತುಪಡಿಸಿದ ತಾರೀಖಿನಿಂದ, ತಾರೀಖು ಇಲ್ಲದಿದ್ದರೆ ಮಾರುವವನು ನಿರಾಕರಿಸಿದ್ದು ತಿಳಿದ ದಿನದಿಂದ ಆ ಲೆಕ್ಕ ಮೊದಲಾಗುತ್ತದೆ.

ಬೆಂಗಳೂರಿನಂಥ ನಗರದಲ್ಲಿ ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಲ್ಲುದೆಂಬುದನ್ನು ಅರಿಯಲು ನಿವೇಶನಗಳ ಹಂಚಿಕೆಯ ಕ್ರಮವನ್ನು ಗಮನಿಸಬೇಕು. ೧೯೪೫ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಏರ್ಪಟ್ಟಿತು. ೧೯೭೬ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಪ್ರಾಧಿಕಾರದ ೧೯೮೪ರ ನಿವೇಶನ ಹಂಚಿಕೆ ನಿಯಮಗಳಲ್ಲಿ ‘ಗುತ್ತಿಗೆ ಮತ್ತು ಮಾರಾಟದ ಕರಾರು’ ಎಂಬುದೊಂದಿದೆ. ಜನರ ಬಾಯಲ್ಲಿ ಇದು ‘ಲೀಸ್ ಕಂ ಸೇಲ್’. ನಿವೇಶನ ದೊರೆತವನು ೧೦ ವರ್ಷಗಳ ಕಾಲ ಗುತ್ತಿಗೆದಾರನಾಗಿರಬೇಕು, ಅಲ್ಲಿ ಮನೆ ಕಟ್ಟಬೇಕು, ಆ ಅವಧಿಯಲ್ಲಿ ಪರಭಾರೆ ಮಾಡಕೂಡದು. ಅವಧಿ ಮುಗಿದು ಷರತ್ತುಗಳು ಪೂರೈಸಿದ ಮೇಲೆ ಪ್ರಾಧಿಕಾರವು ಶುದ್ಧ ಕ್ರಯಪತ್ರವನ್ನು ಬರೆದುಕೊಡುತ್ತದೆ. ಸ್ವಾಮ್ಯ ಹುಟ್ಟುವುದು ಆ ದಿನ. ಅದಕ್ಕೆ ಮೊದಲು ಹಂಚಿಕೆದಾರನ ಕೈಯಲ್ಲಿರುವುದು ಭೋಗ ಮತ್ತು ಭರವಸೆ.

ಆದರೆ ೧೦ ವರ್ಷ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಕಾಯಲಾರದವರು ಹಿಡಿದ ಒಳದಾರಿಯೇ ಮುಖ್ತ್ಯಾರಿ ಪತ್ರ. ಇಂಥ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ನಿವೃತ್ತಿಗೆ ಸಮೀಪಿಸಿದ ಗುಮಾಸ್ತರೊಬ್ಬರು ೧೯೯೦ರ ಸುಮಾರಿನಲ್ಲಿ ಹಂಚಿಕೆದಾರನಿಗೆ ಪೂರ್ತಿ ಹಣ ಕೊಟ್ಟು, ಒಂದು ಕ್ರಯದ ಕರಾರು, ಒಂದು ಮುಖ್ತ್ಯಾರಿ, ಒಂದು ಉಯಿಲು ಬರೆಸಿಕೊಳ್ಳುತ್ತಾರೆ. ಮನೆ ಕಟ್ಟುತ್ತಾರೆ, ಕಂದಾಯ ತೆರುತ್ತಾರೆ, ಆ ಮನೆಯಿಂದಲೇ ಮಗಳ ಮದುವೆ ಮಾಡುತ್ತಾರೆ. ಹಂಚಿಕೆದಾರನು ಒಂದು ದಿನ ಕಾಲವಾಗುತ್ತಾನೆ. ಮುಖ್ತ್ಯಾರಿ ಕೊಟ್ಟವನು ಸತ್ತರೆ ಸಾಮಾನ್ಯವಾಗಿ ಮುಖ್ತ್ಯಾರಿಯೂ ಅವನೊಡನೆ ಮುಗಿಯುತ್ತದೆ. ಅವನ ಮಕ್ಕಳು ಪ್ರಾಧಿಕಾರದಿಂದ ತಮ್ಮ ಹೆಸರಿಗೆ ಕ್ರಯಪತ್ರ ಪಡೆದುಕೊಂಡರೆ ಮನೆ ಕಟ್ಟಿದವರು ಒಂದು ಕಡೆ, ನೆಲದ ಒಡೆಯರು ಇನ್ನೊಂದು ಕಡೆ ಎಂಬಂತಾಗುತ್ತದೆ. ಗುಮಾಸ್ತರ ಮೇಲೆ ಮೋಸದ ಅಪವಾದವಿಲ್ಲ. ಹಣ ಕೊಟ್ಟದ್ದಕ್ಕೆ ರಸೀದಿಯೂ ಇದೆ. ಆದರೂ ಅವರ ವಿಧವೆ ಆ ವಯಸ್ಸಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಈ ಬಗೆಯ ವ್ಯವಹಾರದ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ೨೦೧೧ರ ಅಕ್ಟೋಬರ್ ೧೧ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ನಿಚ್ಚಳವಾದ ತೀರ್ಪನ್ನಿತ್ತಿತು. ಕರಾರು, ಮುಖ್ತ್ಯಾರಿ, ಉಯಿಲು ಈ ಮೂರನ್ನೂ ಒಟ್ಟುಗೂಡಿಸಿದರೂ ಅದು ಕ್ರಯವಾಗದು. ಸ್ವಾಮ್ಯ ದಾಟಬೇಕಾದರೆ ನೋಂದಣಿಯಾದ ವರ್ಗಾವಣೆ ಪತ್ರವೇ ಬೇಕು. ಮನೆಯವರಿಗೋ ನಂಬಿಕಸ್ತರಿಗೋ ಕೆಲಸ ನಡೆಸಲು ಕೊಡುವ ನಿಜವಾದ ಮುಖ್ತ್ಯಾರಿಗೆ ಈ ತೀರ್ಪಿನಿಂದ ಬಾಧೆಯಿಲ್ಲ. ಅಂಥ ಹಳೆಯ ಕಾಗದಗಳನ್ನಿಟ್ಟುಕೊಂಡು ಇಂದಿಗೂ ನೆಮ್ಮದಿಯಾಗಿರುವ ಸಂಸಾರಗಳು, ಬರೆದುಕೊಟ್ಟವರು ಬದುಕಿರುವಾಗಲೇ ಪತ್ರವನ್ನು ಕ್ರಮಪಡಿಸಿಕೊಳ್ಳುವುದು ಒಳಿತು.

ಇದುವರೆಗೆ ಹೇಳಿದ ಗುತ್ತಿಗೆ ೧೦ ವರ್ಷಗಳಲ್ಲಿ ಸ್ವಾಮ್ಯವಾಗಿ ಪರಿಣಮಿಸುವಂಥದು. ಉದ್ಯೋಗನಿಮಿತ್ತ ಹೊರ ರಾಜ್ಯಗಳಲ್ಲಿ ನೆಲಸಿದ ಕನ್ನಡಿಗರಿಗೆ ಎದುರಾಗುವ ಗುತ್ತಿಗೆ ಬೇರೆ ಜಾತಿಯದು. ನವಿ ಮುಂಬಯಿಯಲ್ಲಿ ಸಿಡ್ಕೊ ಸಂಸ್ಥೆ ನೆಲವನ್ನು ೬೦ ವರ್ಷಗಳ ಗುತ್ತಿಗೆಗೆ ಕೊಟ್ಟಿತು. ನೋಯ್ಡಾದಲ್ಲಿ ವಾಸದ ನಿವೇಶನಗಳ ಗುತ್ತಿಗೆ ೯೦ ವರ್ಷಗಳದು. ದೆಹಲಿಯಲ್ಲಿ ಗುತ್ತಿಗೆಯ ಮನೆಗಳನ್ನು ಶುಲ್ಕ ತೆತ್ತು ಪೂರ್ಣ ಸ್ವಾಮ್ಯಕ್ಕೆ ಪರಿವರ್ತಿಸಿಕೊಳ್ಳುವ ಯೋಜನೆ ೧೯೯೨ರಲ್ಲಿ ಬಂದಿತು. ಇಂಥ ಕಡೆ ಮನೆ ಕೊಳ್ಳುವುದೆಂದರೆ ಉಳಿದ ವರ್ಷಗಳನ್ನು ಕೊಳ್ಳುವುದು. ೬೦ರಲ್ಲಿ ೪೫ ವರ್ಷ ಸಂದ ಮೇಲೆ ಕೊಳ್ಳುವವನಿಗೆ ಮೂಲ ಪತ್ರದ ಪ್ರಕಾರ ಬರುವುದು ೧೫ ವರ್ಷ ಮಾತ್ರ. ಆಚಂದ್ರಾರ್ಕವೆಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಸೂರ್ಯಚಂದ್ರರಿಗೆ ಬದಲಾಗಿ ಪಂಚಾಂಗ ನೋಡಬೇಕು.

ಹೀಗಾಗಿ ಗುತ್ತಿಗೆಯ ಮನೆಯನ್ನು ಕೊಳ್ಳುವವರು ಮೂಲ ಗುತ್ತಿಗೆ ಪತ್ರವನ್ನೇ ತರಿಸಿ ಐದು ಸಂಗತಿಗಳನ್ನು ಗುರುತು ಹಾಕಿಕೊಳ್ಳಬೇಕು. ಅವಧಿ ಯಾವ ದಿನ ಮೊದಲಾಗಿ ಯಾವ ದಿನ ಮುಗಿಯುತ್ತದೆ? ನವೀಕರಣದ ಹಕ್ಕು ಪತ್ರದಲ್ಲಿಯೇ ಇದೆಯೆ, ಅಥವಾ ಕೊಟ್ಟವರ ಇಚ್ಛೆಗೆ ಬಿಟ್ಟದ್ದೆ? ವಾರ್ಷಿಕ ನೆಲಬಾಡಿಗೆ ಎಷ್ಟು, ಬಾಕಿ ಇದೆಯೆ? ವರ್ಗಾವಣೆಗೆ ಅನುಮತಿ ಬೇಕೆ, ಅದರ ಶುಲ್ಕವನ್ನು ಯಾರು ತೆರಬೇಕು? ವಾಸಕ್ಕೆಂದು ಕೊಟ್ಟ ನೆಲದಲ್ಲಿ ಅಂಗಡಿ ಮುಂತಾದ ಷರತ್ತುಭಂಗ ನಡೆದಿದೆಯೆ? ಗುತ್ತಿಗೆದಾರನು ತನ್ನ ಹಕ್ಕನ್ನು ಇನ್ನೊಬ್ಬರಿಗೆ ವಹಿಸಬಹುದೆಂದು ೧೮೮೨ರ ಕಾಯಿದೆಯ ೧೦೮ನೆಯ ಕಲಮು ಹೇಳುವುದು ನಿಜ. ಆದರೆ ಪತ್ರದಲ್ಲಿ ಅದಕ್ಕೆ ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ ಮಾತ್ರ. ಸರಕಾರಿ ಸಂಸ್ಥೆಗಳ ಗುತ್ತಿಗೆಯಲ್ಲಿ ಆ ವಿರುದ್ಧವಾದ ಮಾತು ಇಲ್ಲದಿರುವುದೇ ಅಪರೂಪ.

ಕರ್ಣಾಟಕದ ನಗರಗಳಲ್ಲಿ ‘ಲೀಸ್’ ಎಂಬ ಮಾತಿಗೆ ಇನ್ನೊಂದು ಬಳಕೆಯೂ ಇದೆ. ಹಿರಿಯರು ಅದನ್ನು ಭೋಗ್ಯ ಎನ್ನುತ್ತಾರೆ. ಒಡೆಯನಿಗೆ ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ವಾಸಮಾಡಿ, ಹೊರಡುವಾಗ ಹಣವನ್ನು ಹಿಂದಕ್ಕೆ ಪಡೆಯುವ ಪದ್ಧತಿ ಅದು. ಪತ್ರದ ಮಾತುಗಳನ್ನು ಅನುಸರಿಸಿ ನ್ಯಾಯಾಲಯ ಇದನ್ನು ಗುತ್ತಿಗೆಯೆಂದೋ ಸ್ವಾಧೀನದ ಅಡಮಾನವೆಂದೋ ನಿರ್ಣಯಿಸಬಹುದು. ಒಂದು ವರ್ಷಕ್ಕೆ ಮೇಲ್ಪಟ್ಟ ಗುತ್ತಿಗೆಗೂ ನೋಂದಣಿ ಬೇಕು. ೧೦೦ ರೂಪಾಯಿಗೆ ಮೇಲ್ಪಟ್ಟ ಇಂಥ ಅಡಮಾನಕ್ಕೂ ಬೇಕು. ಆದರೂ ಲಕ್ಷಗಟ್ಟಲೆ ಹಣವನ್ನು ಬರಿಯ ಛಾಪಾ ಕಾಗದವೊಂದನ್ನು ನಂಬಿ ಕೊಡುವವರು ಇದ್ದಾರೆ. ಒಡೆಯನು ಆ ಮೊದಲೇ ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದು ಸಾಲ ತೀರಿಸದೆ ಹೋದರೆ ಭೋಗ್ಯದಾರನ ಹಣಕ್ಕೆ ಸಂಚಕಾರ ಬರುತ್ತದೆ.

ಕೊಳ್ಳುವವರಿಗೂ ಇದರಲ್ಲಿ ಪಾಠವಿದೆ. ಮನೆಯಲ್ಲಿ ವಾಸವಾಗಿರುವವನಿಗೆ ಏನು ಹಕ್ಕಿದೆಯೋ ಅದು ಕೊಳ್ಳುವವನಿಗೆ ಗೊತ್ತಿತ್ತು ಎಂದೇ ಕಾಯಿದೆ ಭಾವಿಸುತ್ತದೆ. ಕೇಳಲಿಲ್ಲ, ತಿಳಿಯಲಿಲ್ಲ ಎಂಬ ಸಮಾಧಾನ ನಡೆಯದು. ಆದಕಾರಣ ಮನೆ ನೋಡಲು ಹೋದವರು ಒಳಗಿರುವವರನ್ನು ವಿನಯದಿಂದ ವಿಚಾರಿಸಬೇಕು: ಅವರು ಬಾಡಿಗೆಯವರೆ, ಭೋಗ್ಯದವರೆ, ಮಾರುವವನ ದಾಯಾದಿಗಳೆ? ಅವರ ಉತ್ತರವನ್ನು ಬರೆಹದಲ್ಲಿ ಪಡೆದುಕೊಂಡರೆ ಇನ್ನೂ ಲೇಸು.

ಇನ್ನು ಕಾಗದಗಳ ಮಾತು. ಋಣಭಾರ ಪತ್ರವೊಂದು ಕೈಗೆ ಬಂದರೆ ಎಲ್ಲವೂ ಬಂದಂತೆ ಎಂಬ ನಂಬಿಕೆ ಬಲವಾಗಿದೆ. ಆ ಪತ್ರ ತೋರಿಸುವುದು ನೋಂದಣಿ ಕಚೇರಿಯ ಪುಸ್ತಕದಲ್ಲಿ ದಾಖಲಾದ ವ್ಯವಹಾರಗಳನ್ನು ಮಾತ್ರ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಪುಸ್ತಕಕ್ಕೆ ಏರುವುದಿಲ್ಲ. ಮೂಲಪತ್ರಗಳನ್ನು ಸಾಲಿಗನ ವಶಕ್ಕೆ ಒಪ್ಪಿಸಿ ತಂದ ಸಾಲವೂ ಅದರಲ್ಲಿ ಕಾಣದಿರಬಹುದು. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆಯ ಸುಳಿವೂ ಸಿಗದಿರಬಹುದು. ಮಾರುವವನು ನಕಲುಗಳನ್ನೇ ತೋರಿಸುತ್ತ ‘ಮೂಲ ಊರಿನಲ್ಲಿದೆ’ ಎಂದರೆ, ಮೂಲ ಊರಿನಿಂದ ಬರುವ ತನಕ ಹಣವೂ ಮನೆಯಲ್ಲಿಯೇ ಇರಲಿ.

ಖಾತೆಯ ವಿಷಯದಲ್ಲಿಯೂ ಇಂಥದೇ ಭ್ರಾಂತಿ. ಖಾತೆಯು ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂದು ನಗರಾಡಳಿತ ಇಟ್ಟುಕೊಂಡ ಲೆಕ್ಕ. ವ್ಯವಹಾರಕ್ಕೆ ಅದು ಬೇಕೇ ಬೇಕು. ಆದರೆ ಅದರಿಂದ ಸ್ವಾಮ್ಯ ಹುಟ್ಟುವುದಿಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಸ್ವಾಮ್ಯವನ್ನು ಕಾಣಬೇಕಾದರೆ ಹಿಂದಿನ ೩೦ ವರ್ಷಗಳ ಪತ್ರಗಳನ್ನಾದರೂ ಸಾಲಾಗಿ ಇಟ್ಟುಕೊಂಡು, ಯಾರಿಂದ ಯಾರಿಗೆ ಬಂದಿತು ಎಂದು ಕೊಂಡಿ ತಪ್ಪದಂತೆ ಓದಬೇಕು. ನಗರದ ಅಂಚಿನ ಬಡಾವಣೆಯಾದರೆ ಆ ನೆಲ ಬೇಸಾಯದಿಂದ ವಾಸಕ್ಕೆ ೧೯೬೪ರ ಭೂಕಂದಾಯ ಕಾಯಿದೆಯ ಮೇರೆಗೆ ಪರಿವರ್ತನೆಯಾಗಿದೆಯೆ ಎಂದು ನೋಡಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರಕಾರ ಮಂಜೂರು ಮಾಡಿದ್ದ ಭೂಮಿಯೇ ಎಂಬುದನ್ನೂ ತಿಳಿಯಬೇಕು. ಅಂಥ ಭೂಮಿಯನ್ನು ಅನುಮತಿಯಿಲ್ಲದೆ ಕೊಂಡರೆ ೧೯೭೮ರ ಕಾಯಿದೆಯಂತೆ ಆ ಕ್ರಯ ಅಸಿಂಧುವಾಗುತ್ತದೆ.

ಪತ್ರಗಳ ಸಾಲಿನಲ್ಲಿ ಹೆಣ್ಣುಮಕ್ಕಳ ಸಹಿ ಇದೆಯೆ ಎಂಬುದು ಇಂದು ಬಹು ಮುಖ್ಯವಾದ ಪ್ರಶ್ನೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ೨೦೦೫ರಲ್ಲಿ ಬಂದ ತಿದ್ದುಪಡಿಯು ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಿಗೆ ಸಮನಾದ ಹಕ್ಕನ್ನು ಕೊಟ್ಟಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದೂ ಈ ಹಕ್ಕು ಹುಟ್ಟಿನಿಂದ ಬರುವುದೆಂದೂ ಸರ್ವೋಚ್ಚ ನ್ಯಾಯಾಲಯ ೨೦೨೦ರ ಆಗಸ್ಟ್ ೧೧ರಂದು ನಿರ್ಣಯಿಸಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲು ನಡೆದ ಕ್ರಯ, ನೋಂದಣಿಯಾದ ವಿಭಾಗ ಮುಂತಾದವುಗಳಿಗೆ ಬಾಧಕವಿಲ್ಲ. ‘ಅಕ್ಕಂದಿರು ಏನೂ ಹೇಳುವುದಿಲ್ಲ’ ಎಂದು ಮಾರುವ ತಮ್ಮ ಭರವಸೆ ಕೊಟ್ಟರೆ, ಏನೂ ಹೇಳದ ಆ ಅಕ್ಕಂದಿರೇ ಬಂದು ಸಹಿ ಹಾಕುವುದಕ್ಕೆ ತೊಂದರೆಯಿರಲಾರದು. ಅಪ್ರಾಪ್ತ ಮಕ್ಕಳ ಪಾಲಿದ್ದರೆ, ಸ್ವಾಭಾವಿಕ ಪಾಲಕರು ಕೂಡ ಮಗುವಿನ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರಕೂಡದೆಂದು ೧೯೫೬ರ ಪಾಲಕತ್ವ ಕಾಯಿದೆ ವಿಧಿಸಿದೆ.

ಬಹುಮಹಡಿಯ ಮನೆಗಳಲ್ಲಿ ಒಳಗಿನ ಮೂರು ಕೋಣೆಗಳ ಜೊತೆಗೆ ನೆಲದಲ್ಲಿ ಅವಿಭಾಜ್ಯ ಪಾಲೊಂದು ಸೇರಿರುತ್ತದೆ. ೧೯೭೨ರ ಕರ್ಣಾಟಕ ಅಪಾರ್ಟ್‌ಮೆಂಟ್ ಸ್ವಾಮ್ಯ ಕಾಯಿದೆಯು ಈ ಪಾಲನ್ನು ಮನೆಯಿಂದ ಬೇರ್ಪಡಿಸಕೂಡದೆನ್ನುತ್ತದೆ. ಎಷ್ಟು ಪಾಲು ಎಂಬುದು ಪತ್ರದಲ್ಲಿ ಅಂಕೆಯಲ್ಲಿ ಬರೆದಿರಬೇಕು. ಮುಂದೆ ಕಟ್ಟಡ ಹಳತಾದ ಕಾಲಕ್ಕೆ ಬೆಲೆ ಉಳಿಯುವುದು ಆ ನೆಲಕ್ಕೇ. ಕಟ್ಟುತ್ತಿರುವ ಮನೆಯಾದರೆ ೨೦೧೬ರ ರಿಯಲ್ ಎಸ್ಟೇಟ್ ಕಾಯಿದೆಯ ನೆರವಿದೆ. ಕರಾರನ್ನು ನೋಂದಣಿ ಮಾಡಿಸದೆ ಬೆಲೆಯ ಶೇಕಡ ೧೦ಕ್ಕಿಂತ ಹೆಚ್ಚು ಹಣವನ್ನು ಕಟ್ಟಡದಾರನು ಪಡೆಯಕೂಡದು. ಕೊಂಡವರಿಂದ ಬಂದ ಹಣದಲ್ಲಿ ಶೇಕಡ ೭೦ನ್ನು ನೆಲ ಹಾಗೂ ಕಟ್ಟಡದ ವೆಚ್ಚಕ್ಕೆಂದು ಪ್ರತ್ಯೇಕ ಬ್ಯಾಂಕ್ ಲೆಕ್ಕದಲ್ಲಿ ಇಡಬೇಕು. ಸ್ವಾಧೀನ ಕೊಟ್ಟ ೫ ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ಕಂಡುಬಂದ ದೋಷವನ್ನು ತನ್ನ ಖರ್ಚಿನಿಂದ ಸರಿಪಡಿಸಬೇಕು.

ಮಾರುವವರಿಗೂ ಧರ್ಮವುಂಟು, ಜಾಗರೂಕತೆಯೂ ಬೇಕು. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾರದ, ಆದರೆ ತಮಗೆ ತಿಳಿದಿರುವ ದೋಷಗಳನ್ನು ಮುಂಚೆಯೇ ತಿಳಿಸಬೇಕು; ಕೇಳಿದ ಪತ್ರಗಳನ್ನು ತೋರಿಸಬೇಕು; ಬೇರೆ ಒಪ್ಪಂದವಿಲ್ಲದಿದ್ದರೆ ಕ್ರಯದ ದಿನದವರೆಗಿನ ಕಂದಾಯವನ್ನು ತೀರಿಸಬೇಕು. ಇವೆಲ್ಲ ೧೮೮೨ರ ಕಾಯಿದೆಯ ೫೫ನೆಯ ಕಲಮಿನಲ್ಲಿವೆ. ಬೆಲೆಯನ್ನು ಪತ್ರದಲ್ಲಿ ಕಡಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ಚಾಳಿ ಇಬ್ಬರಿಗೂ ಅಪಾಯಕರ. ವ್ಯವಹಾರ ಮುರಿದರೆ, ಪತ್ರದಲ್ಲಿಲ್ಲದ ಹಣವನ್ನು ಹಿಂದಕ್ಕೆ ಕೇಳಲು ಆಧಾರವಿರುವುದಿಲ್ಲ. ಬೆಲೆ ೫೦ ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ, ಈ ದೇಶದಲ್ಲಿಯೇ ನೆಲಸಿರುವ ಮಾರಾಟಗಾರನಿಗೆ ಹಣ ಕೊಡುವಾಗ ಶೇಕಡ ೧ನ್ನು ಆದಾಯ ತೆರಿಗೆಗೆ ಮುರಿದುಕೊಂಡು ಕಟ್ಟಬೇಕಾದ ಹೊಣೆಯನ್ನು ೨೦೧೩ರಿಂದ ಕೊಳ್ಳುವವನ ಮೇಲೆ ಹೊರಿಸಲಾಗಿದೆ. ವಿದೇಶದಲ್ಲಿ ನೆಲಸಿರುವ ಮಕ್ಕಳು ತಂದೆಯ ಮನೆಯನ್ನು ಮಾರುವುದಾದರೆ ತೆರಿಗೆಯ ನಿಯಮವೂ ಬೇರೆ. ಅವರು ಕಳುಹಿಸುವ ಮುಖ್ತ್ಯಾರಿಗೆ ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ದೃಢೀಕರಣವೂ, ಇಲ್ಲಿಗೆ ತಲಪಿದ ೩ ತಿಂಗಳೊಳಗೆ ಮುದ್ರಾಶುಲ್ಕವೂ ಬೇಕು.

ಇಷ್ಟನ್ನೆಲ್ಲ ಒಬ್ಬ ಗೃಹಸ್ಥನು ತಾನೇ ಪರಿಶೀಲಿಸುವುದು ಕಷ್ಟವೆಂಬುದು ಸರಿಯೆ. ವಕೀಲರಿರುವುದು ಅದಕ್ಕಾಗಿಯೇ, ಆದರೆ ಆ ವಕೀಲರನ್ನು ಕೊಳ್ಳುವವರೇ ಆರಿಸಿಕೊಂಡಿರಬೇಕು, ಮಾರುವವರೋ ದಳ್ಳಾಳಿಯೋ ಒದಗಿಸಿದವರಾಗಿರಕೂಡದು. ಬ್ಯಾಂಕು ಸಾಲ ಕೊಟ್ಟಿತೆಂಬುದೂ ಪೂರ್ಣ ಸಮಾಧಾನವಲ್ಲ. ಬ್ಯಾಂಕು ನೋಡಿಕೊಳ್ಳುವುದು ತನ್ನ ಸಾಲದ ಭದ್ರತೆಯನ್ನು. ಸಾಲ ತೀರಿದ ಮೇಲೂ ಆ ಮನೆಯಲ್ಲಿ ಬಾಳಬೇಕಾದವರು ಮನೆಯವರು.

ವಕೀಲರು ನೋಡಿದ ಮೇಲೂ ಮನೆಯವರಿಂದಲೇ ಆಗಬೇಕಾದ ಕೆಲಸವೊಂದು ಉಳಿಯುತ್ತದೆ. ನೋಂದಣಿಗೆ ಒಂದು ವಾರ ಮೊದಲು ಕ್ರಯಪತ್ರದ ಕರಡನ್ನು ತರಿಸಿ, ರಾತ್ರಿಯ ಊಟವಾದ ಮೇಲೆ ಯಾರಾದರೊಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಹೆಸರುಗಳ ಕಾಗುಣಿತ, ನಿವೇಶನದ ಸಂಖ್ಯೆ, ಅಳತೆ ಎಲ್ಲವನ್ನೂ ಹಿಂದಿನ ಪತ್ರದೊಡನೆ ತಾಳೆ ನೋಡಬೇಕು. ಮರುದಿನ ಬೆಳಗ್ಗೆ ಅದೇ ಕಾಗದವನ್ನು ಹಿಡಿದು ಆ ಮನೆಯ ಮುಂದೆ ನಿಂತು, ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ ಯಾರ ಸ್ವತ್ತು, ದಕ್ಷಿಣಕ್ಕೆ ಯಾರದು ಎಂದು ಚಕ್ಕುಬಂದಿಯನ್ನು ಒಂದೊಂದಾಗಿ ಒಪ್ಪಿಸಿಕೊಳ್ಳಬೇಕು. ಕಾಗದವು ಪೂರ್ವಕ್ಕೆ ರಸ್ತೆ ಎಂದು ಹೇಳುತ್ತಿದ್ದು, ಸೂರ್ಯನು ನೆರೆಯವರ ಗೋಡೆಯ ಮೇಲಿನಿಂದ ಏರಿಬರುತ್ತಿದ್ದರೆ, ಮಾರುವವನನ್ನು ಕೇಳಲು ಇನ್ನೂ ಆರು ದಿನಗಳ ಕಾಲಾವಕಾಶವಿದೆ.